ವಂಶಾವಳಿ ಬರೆದು ವಲಸೆ ಮಕ್ಕಳ ಲೆಕ್ಕ ಹಿಡಿದದ್ದು: ನನ್ನ ಅನುಭವ

ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಿ ಕಲಬುರಗಿಯಲ್ಲಿ ಹೊಟ್ಟೆ ಹೊರೆಯಲಾಗದು ಎಂದವರಲ್ಲಿ ನಮ್ಮ ಕಾಕಾ ಮೊದಲಿಗರು, ಸರ್ವೆ ಕೆಲಸದ ಗೆಳೆಯರು ಎರಡನೆಯವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನನ್ನೊಡನೆ ಓದಿದ ಹಲವರಿಗೂ ಈ ವಿಷಯ ಬೇಕಾಗಿದ್ದದ್ದು ಯುಪಿಎಸ್‌ಸಿಯ ತಲಾ 250 ಅಂಕಗಳ ಎರಡು ಐಚ್ಛಿಕ ಪತ್ರಿಕೆಗಳ ಮಟ್ಟಿಗೆ. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ರಿವರ್ಸ್ 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಲ್ಲಿ ಬಳಸಿದ, ಯಾರು ಯಾರಿಗೆ ಏನಾಗಬೇಕೆಂದು ಕೇಳಿ ನಕ್ಷೆ ಬರೆಯುವ ವಂಶಾವಳಿ ವಿಧಾನ ಚಿತ್ತಾಪುರ ತಾಲ್ಲೂಕಿನ ಲಂಬಾಣಿ ತಾಂಡಾಗಳಲ್ಲಿ ಏನು ಮಾಡೀತು ಎಂದು ನಕ್ಕವರು ಇದನ್ನು ಓದಲಿ.

ದೀಪಾವಳಿಯ ಆಚೀಚೆ ಮಹಾರಾಷ್ಟ್ರದ ಕಬ್ಬು ಕಟಾವಿಗೂ ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೂ ಹೊರಡುವವರ ಜೊತೆ ಎಷ್ಟು ಮಕ್ಕಳು ಶಾಲೆ ಬಿಟ್ಟು ಹೋಗುತ್ತಾರೆಂದು ಮೊದಲೇ ಹೇಳುವುದು ನಮ್ಮ ಕೆಲಸವಾಗಿತ್ತು; ವಲಸೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದುವ ಋತುಮಾನದ ವಸತಿ ನಿಲಯದಲ್ಲಿ ಎಷ್ಟು ಜಾಗ ಬೇಕೆಂಬುದು ಆ ಲೆಕ್ಕದ ಮೇಲೆ ನಿಲ್ಲುತ್ತದೆ. ಕೆಲಸ ಕೊಟ್ಟ ಸಂಸ್ಥೆ ಮನೆಮನೆಗೆ ಹೋಗಿ ತುಂಬಿಸುವ ಒಂದು ಫಾರ್ಮಿಗೆ ಮೂವತ್ತು ರೂಪಾಯಿಯೋ ಏನೋ ಕೊಡುತ್ತಿತ್ತು. ದಿನಕ್ಕೆ ಇಪ್ಪತ್ತು ಫಾರ್ಮು ಸಲೀಸಾಗಿ ತುಂಬುತ್ತಿದ್ದವು, ಆದರೆ ರೇಷನ್ ಕಾರ್ಡಿನಿಂದ ಹೆಸರು ತೆಗೆಯಲು ಬಂದಿದ್ದಾರೆಂದು ಹೆದರಿದ ಜನ ಎಲ್ಲರೂ ಊರಲ್ಲೇ ಇದ್ದಾರೆ ಎಂದು ಬರೆಸುತ್ತಿದ್ದರು.

ನಾನು ಫಾರ್ಮು ಬದಿಗಿಟ್ಟು ವಂಶಾವಳಿಗೆ ಕೈಹಾಕಿದಾಗ ಮೊದಲ ತಾಂಡಾದಲ್ಲೇ ಕೆಲಸ ಕೆಟ್ಟಿತು. ದೊಡ್ಡ ಹಾಳೆ ಬಿಡಿಸಿದೊಡನೆ ತಲಾಟಿಯ (ಗ್ರಾಮ ಲೆಕ್ಕಿಗರ) ಕಾಗದದ ನೆನಪಾಗಿ ಅಣ್ಣತಮ್ಮಂದಿರು ಹೊಲದ ಪಾಲಿನ ಜಗಳಕ್ಕೆ ನಿಂತರು. ಮೊಬೈಲಿನಲ್ಲಿ ಧ್ವನಿ ಮುದ್ರಿಸಹೋದರೆ ಮಾತೇ ನಿಂತಿತು. ಒಂದು ಮನೆತನಕ್ಕೆ ಅರ್ಧ ದಿನ ಹಿಡಿಯುತ್ತಿದ್ದುದರಿಂದ ಗಳಿಕೆ ಪೆಟ್ರೋಲಿಗೂ ಸಾಲದೆ, ಆ ಹಂಗಾಮಿನಲ್ಲಿ ಕೈಯಿಂದಲೇ ಎಂಟು ಸಾವಿರದಷ್ಟು ಹೋಯಿತು.

ಕೊನೆಗೆ ಕೈಹಿಡಿದದ್ದು ಸೀಮೆಸುಣ್ಣ. ನಮ್ಮ ಕಡೆಯ ಮನೆಗಳಿಗೆ ಶಹಾಬಾದ್ ಪರಸಿಯ, ಅಂದರೆ ಹಾಸುಗಲ್ಲಿನ, ನೆಲ. ಅದರ ಮೇಲೆ ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ ಬರೆದು, ಮನೆಯ ಹಿರಿಯ ಅಜ್ಜಿಯನ್ನು ‘ಯಾಡಿ’ (ಲಂಬಾಣಿಯಲ್ಲಿ ಅವ್ವ) ಎಂದು ಕರೆದು ಅವರ ತವರಿನಿಂದ ಶುರು ಮಾಡುತ್ತಿದ್ದೆ. ಅಳಿಸಿಹೋಗುವ ಬರಹಕ್ಕೆ ಯಾರೂ ಹೆದರಲಿಲ್ಲ, ಬದಲಿಗೆ ತಿದ್ದತೊಡಗಿದರು. ಒಬ್ಬ ಅಜ್ಜಿ ನಾನು ಬರೆದ ಸಣ್ಣ ವೃತ್ತವೊಂದನ್ನು ಅಂಗೈಯಿಂದ ಒರೆಸಿ, “ಈಕಿ ಇಲ್ಲಿ ಇರಂಗಿಲ್ರೀ, ದೀಪಾವಳಿ ಆದ ಮ್ಯಾಲ ಕಾಕಾನ ಸಂಗಾಟ ಹೋಗ್ತಾಳ, ಅವನ ಕೂಸು ಆಡಸಾಕ” ಎಂದರು. ಫಾರ್ಮು ಕೇಳುತ್ತಿದ್ದದ್ದು ತಂದೆತಾಯಿ ವಲಸೆ ಹೋಗುತ್ತಾರೆಯೇ ಎಂದು ಮಾತ್ರ. ಕಬ್ಬು ಕಟಾವಿನಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’, ಅಂದರೆ ಕೂಲಿಯ ಲೆಕ್ಕಕ್ಕೆ ಒಂದು ಜೋಡಿ. ಇಬ್ಬರೂ ಗದ್ದೆಗಿಳಿದರೆ ಕೂಸು ನೋಡಿಕೊಳ್ಳಲು ಅಣ್ಣನ ಮಗಳನ್ನೋ ನಾದಿನಿಯನ್ನೋ ಕರೆದೊಯ್ಯುತ್ತಾರೆ. ತಂದೆತಾಯಿ ಊರಲ್ಲೇ ಉಳಿದ ಇಂಥ ಹುಡುಗಿಯರು ಯಾವ ಫಾರ್ಮಿಗೂ ಸಿಕ್ಕಿರಲಿಲ್ಲ.

ಅದೇ ತಾಂಡಾಗಳಿಗೆ ಫಾರ್ಮುಗಳ ಪ್ರಕಾರ ಹೊರಡುವ ಮಕ್ಕಳ ಲೆಕ್ಕ ನಲವತ್ತರ ಆಸುಪಾಸು, ನನ್ನದು ಎಪ್ಪತ್ತು ದಾಟಿತ್ತು. ಸಂಕ್ರಾಂತಿಯ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿದಾಗ ನನ್ನ ಲೆಕ್ಕದಿಂದ ನಾಲ್ಕೈದು ಮಕ್ಕಳಷ್ಟೇ ಹೆಚ್ಚುಕಡಿಮೆ ಇತ್ತು. ನಕ್ಕಿದ್ದ ಗೆಳೆಯರೇ ಈಗ ಸೀಮೆಸುಣ್ಣದ ಡಬ್ಬಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ, ಆದರೆ ಚಿತ್ರ ಮುಗಿದ ಮೇಲೆ ಅಜ್ಜಿಯರಿಗೆ ನಾನು ಕೇಳುವ ಎರಡು ಪ್ರಶ್ನೆಗಳು ಅವರಿಗೆ ಗೊತ್ತಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ವಯಸ್ಸು ಹಿಡಿಯಲು ಇನ್ನೊಂದು ಪ್ರಯೋಗ ಮಾಡಿದೆ. ನಿಜಾಮರ ಆಳ್ವಿಕೆಯ ಕೊನೆಯ ರಜಾಕಾರರ ಹಾವಳಿ, 1972ರ ಬರ, 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ, ಈ ಮೂರನ್ನು ಗುರುತಿಟ್ಟು ಕೇಳಿದರೆ ಹಿರಿಯರ ವಯಸ್ಸು ಒಂದೆರಡು ವರ್ಷದ ಅಂತರದಲ್ಲಿ ಸಿಗುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಆಧಾರ್ ಕಾರ್ಡಿನಲ್ಲಿ ಹಾಕುವ ಜನವರಿ ಒಂದಕ್ಕಿಂತ ಅದನ್ನೇ ನಾನು ನಂಬುತ್ತೇನೆ. ಕಲಬುರಗಿ ನಗರದ ಬಾಡಿಗೆ ಮನೆಗಳ ಓಣಿಗಳಲ್ಲಿ ಮಾತ್ರ ವಂಶಾವಳಿ ನಡೆಯಲಿಲ್ಲ, ಏಕೆಂದರೆ ಅಲ್ಲಿ ಗೋಡೆಯಾಚೆಯವರು ಬಂಧುಗಳಲ್ಲ, ತಿದ್ದುವ ಅಜ್ಜಿಯೂ ಇರುವುದಿಲ್ಲ.

ಈಗ ಫಾರ್ಮಿನ ದರಕ್ಕೆ ನಾನು ಹೋಗುವುದಿಲ್ಲ. ತಾಂಡಾಕ್ಕೆ ಇಷ್ಟೆಂದು ಗೊತ್ತುಮಾಡಿ ಅರ್ಧ ಹಣ ಮುಂಗಡ ಪಡೆಯುತ್ತೇನೆ. ಈ ಸಲ ಯಾದಗಿರಿ ಕಡೆಯ ತಾಂಡಾಗಳನ್ನೂ ಒಪ್ಪಿಕೊಂಡಿದ್ದೇನೆ, ಕೂಲಿಯವರನ್ನು ಕರೆದೊಯ್ಯುವ ಮುಕಾದಮರ ಲಾರಿಗಳು ಬರುವ ಮುಂಚೆ, ದಸರೆಯೊಳಗೆ, ಅವು ಮುಗಿಯಬೇಕು.