‘ದಿ ವುಮನ್ ಆನ್ ದಿ ಬೀಚ್’ ನೋಡಲು ಕೂರುವ ಮುನ್ನ

ಹೆಸರಿನಲ್ಲಿ ಹೆಂಗಸಿದ್ದಾಳೆ, ತಾರಾಗಣದಲ್ಲಿ ಮೊದಲು ಬರುವುದೂ ಜೋನ್ ಬೆನೆಟ್. ಆದರೂ ಆಕೆಯ ಹಿಂದೆಯೇ ಕಣ್ಣು ಹಾಯಿಸುತ್ತ ಕೂತರೆ ಜಾನ್ ರೆನ್ವಾರ್ ತೆಗೆದ ಈ 1947ರ ಹಾಲಿವುಡ್ ಸಿನಿಮಾ ಕೈಗೆ ಸಿಗುವುದಿಲ್ಲ. ಹೆಂಡತಿ ಪೆಗ್ಗಿ (ಬೆನೆಟ್), ಕಣ್ಣು ಕಳೆದುಕೊಂಡ ಚಿತ್ರಕಾರ ಗಂಡ ಟಾಡ್, ಇಬ್ಬರ ನಡುವೆ ಬಂದು ಬೀಳುವ ಕೋಸ್ಟ್ ಗಾರ್ಡ್ ಅಧಿಕಾರಿ ಸ್ಕಾಟ್. ಈ ತ್ರಿಕೋನದ ಗಟ್ಟಿ ಗೆರೆ ಎರಡು ಗಂಡಸರ ನಡುವಿನದು. ಏರ್‌ಫೋರ್ಸ್ ಸರ್ವೀಸ್ ಮುಗಿಸಿ ಹಾಸನಕ್ಕೆ ಬಂದ ಮೇಲೆ ನನಗೆ ಹತ್ತಿದ ಚಟ ಈ ಹಳೇ ಕಪ್ಪು-ಬಿಳುಪು ನೋಯರ್ ಚಿತ್ರಗಳದ್ದು, ಅಂದರೆ ನೆರಳು, ಅಪರಾಧ, ಒಡೆದ ಮನಸ್ಸುಗಳ ಕತೆಗಳದ್ದು. ನೆಂಟರಿಷ್ಟರನ್ನು ಕೂರಿಸಿಕೊಂಡು ತೋರಿಸುವಾಗ ನಾನು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ. ಕತೆಯ ಕೊನೆಯೂ ಇದರಲ್ಲಿದೆ. ಬೇಡದವರು ಸಿನಿಮಾ ನೋಡಿ ಬಂದು ಓದಿ. ಬರೀ 71 ನಿಮಿಷದ್ದು, ಅನ್ನಕ್ಕಿಟ್ಟು ಕೂತರೂ ಆಗುತ್ತದೆ ಅನ್ನುವಷ್ಟು ಚಿಕ್ಕದು. ಆದರೆ ಹಾಗೆ ಮಾಡಬೇಡಿ, ಮೊದಲ ಎರಡು ನಿಮಿಷ ತಪ್ಪಿದರೆ ಉಳಿದದ್ದು ವ್ಯರ್ಥ.

ಯಾಕೆಂದರೆ ಚಿತ್ರ ಶುರುವಾಗುವುದೇ ಯುದ್ಧ ಕಂಡು ಬಂದ ಸ್ಕಾಟ್‌ನ ಕನಸಿನಿಂದ. ಹಡಗು ಮೈನ್‌ಗೆ (ನೀರಿನಲ್ಲಿ ಇಟ್ಟ ಸ್ಫೋಟಕಕ್ಕೆ) ಬಡಿದು ಮುಳುಗುತ್ತದೆ. ಸ್ಕಾಟ್ ಸಮುದ್ರದ ತಳದಲ್ಲಿ ಅಸ್ಥಿಪಂಜರಗಳನ್ನು ದಾಟಿ ನಡೆಯುತ್ತಾನೆ. ಎದುರಿಂದ ಒಬ್ಬ ಹೆಣ್ಣು ಬರುತ್ತಾಳೆ, ಇನ್ನೇನು ಮುತ್ತಿಡಬೇಕು, ಸ್ಫೋಟ, ಬೆಂಕಿ. ಎದ್ದು ಕೂರುತ್ತಾನೆ. ಇದನ್ನು ನೋಡುವಾಗ ಮನಸ್ಸಿನಲ್ಲಿ ಮೂರು ವಸ್ತು ಗುರುತು ಹಾಕಿಕೊಳ್ಳಿ: ನೀರು, ಬೆಂಕಿ, ಮುಳುಗುವ ಹಡಗು. ಮೂರೂ ನಿಜದಲ್ಲಿ ಮತ್ತೆ ಬರುತ್ತವೆ, ಅದರಲ್ಲೊಂದನ್ನು ಸ್ಕಾಟ್ ತನ್ನ ಕೈಯಾರೆ ತರುತ್ತಾನೆ.

ಬ್ಯಾರಕ್ಕಿನಲ್ಲಿ ಮಲಗಿದವರಿಗೆ ಇದು ಗೊತ್ತಿರುತ್ತದೆ: ರಾತ್ರಿ ಕೂಗಿಕೊಂಡು ಎದ್ದವನನ್ನು ಬೆಳಿಗ್ಗೆ ಯಾರೂ ಏನೂ ಕೇಳುವುದಿಲ್ಲ. ಚಹಾ ಮಗ್ ಅವನ ಮುಂದೆ ಇಟ್ಟು, ರನ್ ರೇಟ್ ಬಗ್ಗೆಯೋ ರಜೆಯ ಬಗ್ಗೆಯೋ ಮಾತಾಡುತ್ತಾರೆ. ಸ್ಕಾಟ್ ಪಾತ್ರದ ರಾಬರ್ಟ್ ರಯನ್ ಆ ಬೆಳಗಿನ ಮುಖವನ್ನು ಹೇಗೆ ಹೊತ್ತು ತಿರುಗುತ್ತಾನೆ ನೋಡಿ. ಇಸ್ತ್ರಿಯಾದ ಯೂನಿಫಾರ್ಮು, ನೆಟ್ಟಗಿನ ಬೆನ್ನು, ಅದರೊಳಗೆ ನಿದ್ದೆಯಿಲ್ಲದ ಮನುಷ್ಯ. ರಯನ್ ಸ್ವತಃ ಯುದ್ಧಕಾಲದಲ್ಲಿ ಮರೀನ್ ಕೋರ್‌ನಲ್ಲಿ ಡ್ರಿಲ್ ಇನ್‌ಸ್ಟ್ರಕ್ಟರ್ ಆಗಿದ್ದವನು, ಕಾಲೇಜಿನಲ್ಲಿ ಬಾಕ್ಸರ್. ಆ ದೊಡ್ಡ ಮೈ ಹೆದರಿದ್ದನ್ನು ತೋರಿಸುವುದೇ ಇಲ್ಲಿನ ಸೊಗಸು.

ಮುಂದೆ, ಈವ್‌ಳನ್ನು ಕಡೆಗಣಿಸಬೇಡಿ. ದೋಣಿ ಕಟ್ಟುವ ಕಾರ್ಖಾನೆ ನೋಡಿಕೊಳ್ಳುವ, ಸ್ಕಾಟ್‌ನನ್ನು ಮದುವೆಯಾಗಬೇಕಾದ ಹುಡುಗಿ. ಲೆಕ್ಕಕ್ಕೆ ಹಿಡಿದರೆ ಇದು ನಾಲ್ಕು ಮೂಲೆಯ ಕತೆ. ಒಳ್ಳೆಯವಳು, ಆದರೆ ಅವನ ರಾತ್ರಿಗಳು ಅವಳ ಅನುಭವಕ್ಕೆ ಎಟಕುವಂಥವಲ್ಲ. ಪೆಗ್ಗಿಯನ್ನು ಅವನು ನೋಡುವುದು ದಂಡೆಯಲ್ಲಿ ಬಿದ್ದ ಒಡೆದ ಹಡಗಿನ ಹತ್ತಿರ, ಸೌದೆ ಆರಿಸುತ್ತಿರುವಾಗ. ಯಾವುದನ್ನು ಕಂಡರೆ ಅವನಿಗೆ ನಡುಕವೋ ಅದರ ಪಕ್ಕದಲ್ಲೇ ಇವಳು ಆರಾಮಾಗಿ ಓಡಾಡುತ್ತಿದ್ದಾಳೆ. ಪ್ರೀತಿ ಹುಟ್ಟಿತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮುರಿದ ಹಲ್ಲಿನ ಕಡೆಗೇ ನಾಲಿಗೆ ಹೋಗುವ ಹಾಗೆ ಅವನು ಆ ಕಡೆ ಹೋಗುತ್ತಾನೆ.

ಇನ್ನು ಗಂಡ. ಕುಡಿದ ಜಗಳದಲ್ಲಿ ಹೆಂಡತಿ ಎಸೆದ ಗ್ಲಾಸಿನಿಂದ ಟಾಡ್ ಕಣ್ಣು ಕಳೆದುಕೊಂಡವನು. ಮನೆಯಲ್ಲಿ ಅವನ ಹಳೆಯ ಚಿತ್ರಗಳಿವೆ, ಮಾರಿದರೆ ದುಡ್ಡು. ಅವನು ಮಾರುವುದಿಲ್ಲ. ಇದನ್ನು ತೆಗೆದ ಜಾನ್ ರೆನ್ವಾರ್ ಯಾರ ಮಗ ಅನ್ನುವುದು ಇಲ್ಲಿ ನೆನಪಿರಲಿ. ಚಿತ್ರಕಾರ ಒಗೂಸ್ತ್ ರೆನ್ವಾರ್‌ನ ಮಗ, ಸಿನಿಮಾ ತೆಗೆಯಲು ಅಪ್ಪನ ಚಿತ್ರಗಳನ್ನು ಮಾರಿದವನು. ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ ಬದುಕಿಡೀ ಕುಂಟಿದವನೂ ಅವನೇ. ಹಾಗಾಗಿ ಗಾಯಗೊಂಡ ಸೈನಿಕನೂ ಚಿತ್ರಗಳನ್ನು ಕಾಯುವ ಮುದುಕನೂ ಇಬ್ಬರೂ ಅವನಿಗೆ ಹತ್ತಿರದವರೇ. ಯಾರ ಪರವನ್ನೂ ವಹಿಸದೆ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು.

ಎರಡು ದೃಶ್ಯಗಳನ್ನು ತಪ್ಪದೆ ಎರಡನೇ ಸಲ ನೋಡಿ. ಒಂದು, ಟಾಡ್‌ಗೆ ಕಣ್ಣು ನಿಜವಾಗಿ ಕಾಣುವುದಿಲ್ಲವೋ ನಾಟಕವೋ ಅಂತ ಪರೀಕ್ಷಿಸಲು ಸ್ಕಾಟ್ ಅವನನ್ನು ಕಡಲಂಚಿನ ಕಡಿದಾದ ಬಂಡೆಯ ಮೇಲೆ ನಡೆಸುವುದು. ಟಾಡ್ ಬೀಳುತ್ತಾನೆ, ಬದುಕುತ್ತಾನೆ. ಇಲ್ಲಿ ಪೆಗ್ಗಿ ನೆಪ ಮಾತ್ರ. ತನ್ನ ಗಾಯವನ್ನು ಯಾರೂ ಕಾಣದೆ ಹೋದವನು ಇನ್ನೊಬ್ಬನ ಗಾಯವನ್ನೂ ನಂಬಲಾರ.

ಇನ್ನೊಂದು ದೋಣಿಯದ್ದು. ಮೀನು ಹಿಡಿಯುವ ನೆಪದಲ್ಲಿ ಇಬ್ಬರೂ ಕೆರಳಿದ ಕಡಲಿಗೆ ಹೋಗುತ್ತಾರೆ, ಅಲ್ಲಿ ಸ್ಕಾಟ್ ದೋಣಿಯ ತಳವನ್ನೇ ಒಡೆಯುತ್ತಾನೆ. ಮೊದಲ ಸಲ ನೋಡಿದವರು ಇದನ್ನು ಪ್ರತಿಸ್ಪರ್ಧಿಯ ಕೊಲೆ ಯತ್ನ ಅನ್ನುತ್ತಾರೆ. ಸರಿಯಾಗಿ ನೋಡಿ, ತಾನೂ ಅದೇ ದೋಣಿಯಲ್ಲಿದ್ದಾನೆ. ಹಡಗು ಮುಳುಗಿ ಉಳಿದುಕೊಂಡವನು ಈ ಸಲ ತಾನೇ ಮುಳುಗಿಸುತ್ತಿದ್ದಾನೆ. ಕನಸಿನಲ್ಲಿ ಅವನ ಕೈಯಲ್ಲಿರದಿದ್ದದ್ದು ಇಲ್ಲಿ ಕೈಯಲ್ಲಿದೆ. ಇದನ್ನು ಹಿಡಿದರೆ ಇಡೀ ತ್ರಿಕೋನ ತೆರೆದುಕೊಳ್ಳುತ್ತದೆ: ಅವನಿಗೆ ಬೇಕಾದದ್ದು ಇನ್ನೊಬ್ಬನ ಹೆಂಡತಿಗಿಂತ ಹೆಚ್ಚಾಗಿ ಇನ್ನೊಂದು ಮುಳುಗುವಿಕೆ. ಕೋಸ್ಟ್ ಗಾರ್ಡ್ ಬಂದು ಇಬ್ಬರನ್ನೂ ಎತ್ತುತ್ತದೆ. ಕೊನೆಗೆ ಟಾಡ್ ಚಿತ್ರಗಳಿಗೂ ಮನೆಗೂ ಬೆಂಕಿ ಹಚ್ಚಿ ಪೆಗ್ಗಿಯೊಡನೆ ಹೊರಡುತ್ತಾನೆ, ಸ್ಕಾಟ್ ಒಬ್ಬನೇ.

ಮಧ್ಯೆ ಮಧ್ಯೆ ಕತೆ ಎಗರಿದಂತೆ ಅನ್ನಿಸಿದರೆ ನಿಮ್ಮ ಗಮನವನ್ನು ದೂರಬೇಡಿ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಪ್ರೀವ್ಯೂ, ಅಂದರೆ ಬಿಡುಗಡೆಗೆ ಮುಂಚಿನ ಪ್ರದರ್ಶನ, ಪೂರ್ತಿ ನೆಲಕಚ್ಚಿತು. ಆಮೇಲೆ ರೆನ್ವಾರ್ ಸಾಕಷ್ಟು ಭಾಗವನ್ನು ಮತ್ತೆ ಚಿತ್ರಿಸಿ, ಕತ್ತರಿಸಿ, ಹೊಲಿದ. 1947ರಲ್ಲಿ ಆರ್‌ಕೆಓ ಸ್ಟುಡಿಯೋ ಬಿಡುಗಡೆ ಮಾಡಿತು. ಹಾಲಿವುಡ್‌ನಲ್ಲಿ ಅವನು ತೆಗೆದ ಕೊನೆಯ ಸಿನಿಮಾ ಅದೇ ಆಯಿತು. ಹನ್ಸ್ ಐಸ್ಲರ್ ಸಂಗೀತ ಆ ಹರಕುಗಳ ಮೇಲೆ ಹಾದುಹೋಗುತ್ತದೆ, ಕಿವಿಗೊಟ್ಟು ಕೇಳಿ.

ತಾಂತ್ರಿಕ ಮಾತು ಸ್ವಲ್ಪ. ಮೊಬೈಲ್ ಬೇಡ, ಮಂಜಿನ ದೃಶ್ಯಗಳೆಲ್ಲ ಬೂದಿಬಣ್ಣದ ಮುದ್ದೆಯಾಗುತ್ತವೆ. ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್ ಇಡಿ, ಟ್ಯೂಬ್‌ಲೈಟ್ ಆರಿಸಿ.

ಸ್ಕಾಟ್‌ನಂಥವರ ಹಿನ್ನೆಲೆ ಬೇಕಿದ್ದರೆ ಜಾನ್ ಹ್ಯೂಸ್ಟನ್‌ನ ಸಾಕ್ಷ್ಯಚಿತ್ರ ‘ಲೆಟ್ ದೇರ್ ಬಿ ಲೈಟ್’ ಮೊದಲು ನೋಡಿ. ಮನಸ್ಸು ಜರ್ಜರಿತವಾದ ಸೈನಿಕರನ್ನು ಆಸ್ಪತ್ರೆಯಲ್ಲಿಯೇ ಚಿತ್ರಿಸಿದ್ದು. ಅಮೆರಿಕದ ಸೇನೆ ಅದನ್ನು ಮೂರು ದಶಕಕ್ಕೂ ಮೀರಿ ಜನರಿಗೆ ತೋರಿಸಲಿಲ್ಲ. ಇಂಥ ಆಘಾತದ ನಂತರ ಉಳಿಯುವ ಮನೋವ್ಯಾಧಿಗೆ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. 1946ರ ನೋಯರ್ ಚಿತ್ರ ‘ದಿ ಬ್ಲೂ ಡೇಲಿಯಾ’ದಲ್ಲೂ ಯೋಧರ ಗಾಯವನ್ನು ಜನರಿಗೆ ತೋರಿಸುವ ಇದೇ ಅಂಜಿಕೆ ಕೆಲಸ ಮಾಡಿದೆ: ತಲೆಗೆ ಪೆಟ್ಟಾದ ಮಾಜಿ ಯೋಧನೇ ಕೊಲೆಗಾರ ಅಂತ ಚಿತ್ರಕತೆಗಾರ ರೇಮಂಡ್ ಚಾಂಡ್ಲರ್ ಬರೆದಿದ್ದರೆ, ನೌಕಾಪಡೆಯ ಆಕ್ಷೇಪದಿಂದ ಕೊಲೆಗಾರನನ್ನೇ ಬದಲಿಸಬೇಕಾಯಿತು. ಅದರ ಅಂತ್ಯ ಒಗ್ಗದಂತೆ ಅನ್ನಿಸುವುದು ಅದಕ್ಕೇ.

ರೆನ್ವಾರ್ ಬಗ್ಗೆ ಆಸಕ್ತಿ ಹುಟ್ಟಿದರೆ ಮುಂದಿನದು ‘ದಿ ರಿವರ್’, 1951ರದು, ಬಂಗಾಳದ ಹೂಗ್ಲಿ ದಂಡೆಯ ಮೇಲೆ ಬಣ್ಣದಲ್ಲಿ ತೆಗೆದದ್ದು. ಅಲ್ಲಿಯೂ ಯುದ್ಧದಿಂದ ಬಂದವನೊಬ್ಬ ಇದ್ದಾನೆ, ಒಂದು ಕಾಲು ಕಳೆದುಕೊಂಡ ಕ್ಯಾಪ್ಟನ್ ಜಾನ್, ಸುತ್ತ ಮೂವರು ಹುಡುಗಿಯರು. ಪಾತ್ರ ಮಾಡಿದ ಥಾಮಸ್ ಬ್ರೀನ್ ನಿಜಕ್ಕೂ ಎರಡನೇ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡವನು. ಎರಡನ್ನೂ ಒಂದೇ ರಾತ್ರಿ ನೋಡಬೇಡಿ, ಒಂದು ವಾರ ಬಿಡಿ.