ಮಲ್ಲೇಶ್ವರದಿಂದ ಪೀಣ್ಯಕ್ಕೆ: ಒಂದು ಸಣ್ಣ ಸೈಕಲ್ ಕಂಪನಿಯ ಲೆಕ್ಕಾಚಾರ

ನಮ್ಮ ಸೈಕಲ್ ವರ್ಕ್‌ಶಾಪ್ ಬೆಂಗಳೂರಿನ ಮಲ್ಲೇಶ್ವರ ಬಿಟ್ಟು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ ವ್ಯಾಪಾರ ಹೇಗಿದೆ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ಚೆನ್ನಾಗಿದೆ ಅಂದರೂ ಸುಳ್ಳು, ಬಿದ್ದುಹೋಯಿತು ಅಂದರೂ ಸುಳ್ಳು. ಮಲ್ಲೇಶ್ವರದಲ್ಲಿ ಮಾಡುತ್ತಿದ್ದ ವ್ಯಾಪಾರದಲ್ಲಿ ಅರ್ಧಕ್ಕರ್ಧ ಹೋಯಿತು, ಅಲ್ಲಿ ಕನಸಿನಲ್ಲೂ ಇಲ್ಲದ ವ್ಯಾಪಾರ ಇಲ್ಲಿ ಬಂತು. ಕಂಪನಿಯ ಹೆಸರು ಅದೇ, ಬೋರ್ಡೂ ಅದೇ, ತಿಂಗಳ ಕೊನೆಗೆ ಪುಸ್ತಕ ತೆರೆದರೆ ಮಾತ್ರ ಬೇರೆ ಯಾರದೋ ಅಂಗಡಿಯ ಲೆಕ್ಕ ನೋಡಿದ ಹಾಗಿರುತ್ತದೆ. ಬಾಡಿಗೆ ತಾಳಲಾರದೆ ವರ್ಕ್‌ಶಾಪ್ ಎತ್ತಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಮಲ್ಲೇಶ್ವರದಲ್ಲಿ ನಮ್ಮದು ಅಡ್ಡರಸ್ತೆಯೊಂದರ ಮನೆ ಕೆಳಗಿನ ಅಂಗಡಿ. ಮುಂದುಗಡೆ ರಿಪೇರಿ, ಸ್ವಲ್ಪ ರೆಡಿ ಸೈಕಲ್ ಮಾರಾಟ. ಹಿಂದಿನ ಕೋಣೆಯಲ್ಲಿ ಫ್ರೇಮ್ ಕೆಲಸ: ಕ್ರೋಮೊಲಿ ಉಕ್ಕಿನ ಕೊಳವೆ ಕತ್ತರಿಸಿ, ಜಿಗ್‌ನಲ್ಲಿ ಕೂರಿಸಿ, ಟಿಗ್ ವೆಲ್ಡಿಂಗ್ ಮಾಡಿ, ಓಡಿಸುವವರ ಮೈಯಳತೆಗೆ ತಕ್ಕಂತೆ ಸೈಕಲ್ ಕಟ್ಟಿಕೊಡುವುದು. ಮೇಲಿನ ಮನೆಯವರಿಗೆ ಗ್ರೈಂಡರ್ ಸದ್ದು ತಡೆಯಲಾಗುತ್ತಿರಲಿಲ್ಲ, ನಮಗೆ ಸಿಂಗಲ್ ಫೇಸ್ ಕರೆಂಟು ಸಾಲುತ್ತಿರಲಿಲ್ಲ. 2020ರಲ್ಲಿ ಕೊರೊನಾ ಹೊತ್ತಿಗೆ ಎಲ್ಲರಿಗೂ ಸೈಕಲ್ ಬೇಕಾಯಿತು, ಸ್ಟಾಕ್ ಸಿಗುತ್ತಿರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಸೈಕಲ್‌ಗಳು ಅಪಾರ್ಟ್‌ಮೆಂಟ್ ಬಾಲ್ಕನಿಗಳಲ್ಲಿ ಧೂಳು ಹಿಡಿದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ರೆಡಿ ಸೈಕಲ್ ಮಾರಾಟದಲ್ಲಿ ಉಳಿಯುತ್ತಿದ್ದ ಚೂರುಪಾರೂ ಆನ್‌ಲೈನ್ ರಿಯಾಯಿತಿಗೆ ಕೊಚ್ಚಿಹೋಯಿತು. ಅಗ್ರಿಮೆಂಟ್ ನವೀಕರಣದ ಹೊತ್ತಿಗೆ ಓನರ್ ಹೇಳಿದ ಬಾಡಿಗೆ ಕೇಳಿ ಪೀಣ್ಯ ಎರಡನೇ ಹಂತದ ಕಡೆ ಶೆಡ್ ಹುಡುಕಲು ಶುರು ಮಾಡಿದೆವು.

ಹೊರಡುವ ಮುಂಚೆ ಮಾಡಿದ ಒಂದು ಕೆಲಸವನ್ನು ಯಾರಿಗಾದರೂ ಧೈರ್ಯವಾಗಿ ಶಿಫಾರಸು ಮಾಡಬಲ್ಲೆ. ನನ್ನ ಹೆಂಡತಿಯೇ ನಮ್ಮ ಲೆಕ್ಕ ನೋಡಿಕೊಳ್ಳುವುದು. ಆಕೆ ಹಿಂದಿನ ವರ್ಷದ ಬಿಲ್ ಪುಸ್ತಕಗಳನ್ನೆಲ್ಲ ಹರಡಿಕೊಂಡು ಎರಡು ಪೆನ್ನು ಹಿಡಿದು ಕೂತಳು. ಅಂಗಡಿ ಆ ಬೀದಿಯಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಬಂದ ದುಡ್ಡಿಗೆ ಕೆಂಪು ಗೀಟು. ನಾವು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಿದ್ದ ದುಡ್ಡಿಗೆ ನೀಲಿ. ಟ್ಯೂಬು, ಬ್ರೇಕ್ ವೈರು, ಮಕ್ಕಳ ಸೈಕಲ್‌ನ ಸೈಡ್ ವೀಲು, ಟಾಟಾ ಇನ್‌ಸ್ಟಿಟ್ಯೂಟ್ ಹುಡುಗರ ತುಕ್ಕು ಹಿಡಿದ ಚೈನು, ಇವೆಲ್ಲ ಕೆಂಪು. ಫ್ರೇಮ್, ದೂರ ಓಡಿಸುವವರ ವೀಲ್ ಕಟ್ಟುವುದು, ಬೇರೆಯವರು ಕೈಬಿಟ್ಟ ಹಳೆ ಸ್ಟೀಲ್ ಸೈಕಲ್ ರಿಪೇರಿ ಇವೆಲ್ಲ ನೀಲಿ. ಮೊತ್ತದಲ್ಲಿ ನೀಲಿಯೇ ದೊಡ್ಡದು. ಅಷ್ಟು ನೋಡಿ ನಾನು ಖುಷಿಯಾದೆ. ಆಕೆ ತಾರೀಖುಗಳನ್ನು ತೋರಿಸಿದಳು. ನೀಲಿ ದುಡ್ಡು ಆರ್ಡರ್ ಕೊಡುವಾಗ ಒಂದಿಷ್ಟು, ಸೈಕಲ್ ಒಯ್ಯುವಾಗ ಮಿಕ್ಕಿದ್ದು, ನಡುವೆ ತಿಂಗಳುಗಟ್ಟಲೆ ಬರಗಾಲ. ಹುಡುಗರ ಸಂಬಳ, ಬಾಡಿಗೆ, ಕರೆಂಟು ಬಿಲ್ಲು ಎಲ್ಲ ತೂಗಿಸುತ್ತಿದ್ದದ್ದು ದಿನಾ ಬರುವ ಕೆಂಪು ಚಿಲ್ಲರೆ.

ಹಾಗಾಗಿ ಪ್ರಶ್ನೆ ಬಾಡಿಗೆ ಎಷ್ಟು ಉಳಿಯುತ್ತದೆ ಅನ್ನುವುದಷ್ಟೇ ಆಗಿ ಉಳಿಯಲಿಲ್ಲ. ದಿನದ ಚಿಲ್ಲರೆ ನಿಂತರೆ ಆ ಜಾಗಕ್ಕೆ ಏನು ಬರಬೇಕು ಅನ್ನುವುದು ಮುಖ್ಯವಾಯಿತು. ಪೀಣ್ಯದಲ್ಲಿ ಜಾಗ ಎರಡು ಪಟ್ಟು ಸಿಕ್ಕಿತು, ಬಾಡಿಗೆ ಹಳೆಯದಕ್ಕಿಂತ ಕಡಿಮೆ. ಉಳಿದ ಬಾಡಿಗೆ ಕೆಂಪು ದುಡ್ಡಿನ ಹತ್ತಿರಕ್ಕೂ ಬರಲಿಲ್ಲ.

ಜಾಗ ಬದಲಿಸಿದ ಸುದ್ದಿ ತಿಳಿದು ನಮ್ಮ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಏನಪ್ಪಾ, ಒಂದು ಟ್ಯೂಬ್ ಹಾಕಿಸೋಕೆ ನಾನು ಪೀಣ್ಯಕ್ಕೆ ಬರ್ಬೇಕಾ?" ಬರಬೇಡಿ ಮೇಷ್ಟ್ರೇ ಅಂದೆ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಆ ವಯಸ್ಸಿನಲ್ಲಿ ಸೈಕಲ್ ತುಳಿದುಕೊಂಡು ಬನ್ನಿ ಅಂತ ಯಾವ ಬಾಯಲ್ಲಿ ಹೇಳಲಿ? ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ 2014ರಿಂದಲೇ ಮೆಟ್ರೊ ಇದೆ, ಮನುಷ್ಯರು ಆರಾಮಾಗಿ ಬರಬಹುದು. ಸೈಕಲ್ ಬರುವಂತಿಲ್ಲ. 2021ರಲ್ಲಿ ಅವಕಾಶ ಕೊಟ್ಟದ್ದು ಮಡಚುವ ಸೈಕಲ್‌ಗೆ ಮಾತ್ರ. ಸೈಕಲ್ ರಿಪೇರಿಗೆ ಸೈಕಲ್ ಬಿಟ್ಟು ಬಂದು ಏನು ಪ್ರಯೋಜನ!

ಪಂಕ್ಚರ್, ಬ್ರೇಕ್ ಕೆಲಸಗಳನ್ನು ಹಳೆ ಅಂಗಡಿಯ ಪಕ್ಕದ ಬೀದಿಯ ಪಂಕ್ಚರ್ ಅಂಗಡಿಯವರಿಗೆ ಪೂರ್ತಿ ಬಿಟ್ಟುಕೊಟ್ಟೆ, ನಮ್ಮ ಗಿರಾಕಿಗಳ ನಂಬರ್ ಸಮೇತ. ಅವರ ಕೈಲಾಗದ ಗೇರ್, ಹೈಡ್ರಾಲಿಕ್ ಬ್ರೇಕ್, ವೀಲ್ ಕೆಲಸಗಳನ್ನು ಅವರು ನನಗೆ ಕಳಿಸುತ್ತಾರೆ. ವಾರಕ್ಕೊಂದು ದಿನ ಗೂಡ್ಸ್ ಆಟೋ ಹೋಗಿ ಅವರ ಅಂಗಡಿಯಲ್ಲಿ ಕಟ್ಟಿಟ್ಟ ಸೈಕಲ್‌ಗಳನ್ನು ತರುತ್ತದೆ, ಹಿಂದಿನ ವಾರದ್ದನ್ನು ಮುಟ್ಟಿಸುತ್ತದೆ. ಪೂರ್ತಿ ಸರ್ವಿಸ್ ಇದ್ದರೆ ಮಾತ್ರ ಆಟೋ ಬಾಡಿಗೆ ಗಿಟ್ಟುತ್ತದೆ. ಮನೆಮನೆಗೆ ಹೋಗಿ ರಿಪೇರಿ ಮಾಡಿಕೊಡಿ ಅಂತ ಬಹಳ ಜನ ಸಲಹೆ ಕೊಟ್ಟರು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮೆಕ್ಯಾನಿಕ್‌ನ ಅರ್ಧ ದಿನ ಸ್ಕೂಟರ್ ಸೀಟಿನ ಮೇಲೇ ಕಳೆಯುತ್ತದೆ. ಅದು ನಡೆಯುವ ಬಾಬತ್ತಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಪೀಣ್ಯ ಕೊಟ್ಟದ್ದು. ನಮ್ಮ ಶೆಡ್ಡಿನಿಂದ ನಡೆದು ಹೋಗುವ ದೂರದಲ್ಲಿ ಲೇತ್ ಇದೆ, ಲೇಸರ್ ಕಟಿಂಗ್ ಇದೆ, ಪೌಡರ್ ಕೋಟಿಂಗ್ ಇದೆ, ಬೇರಿಂಗ್ ಅಂಗಡಿ ಇದೆ. ಇದರ ಬೆಲೆ ನನಗೆ ಗೊತ್ತಾದದ್ದು ಪೌಡರ್ ಕೋಟಿಂಗ್‌ನಲ್ಲಿ. ಪೆಡಲ್ ತಿರುಗಿಸುವ ಕ್ರ್ಯಾಂಕಿನ ಅಚ್ಚು ಕೂರುವ ಅಡ್ಡ ಕೊಳವೆಗೆ ನಾವು ಬಿಬಿ ಶೆಲ್ ಅನ್ನುತ್ತೇವೆ. ಅದರೊಳಗೆ ಮರೆ, ಅಂದರೆ ತಿರುಪಿನ ಥ್ರೆಡ್ ಇರುತ್ತದೆ, 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಚೈನ್ ಇರುವ ಬಲಗಡೆಯ ಮರೆ ಎಡಕ್ಕೆ ತಿರುಗುವಂಥದ್ದು, ಇಲ್ಲದಿದ್ದರೆ ತುಳಿಯುತ್ತ ತುಳಿಯುತ್ತ ಅಲ್ಲಿ ಕೂರುವ ಬೇರಿಂಗ್ ಕಪ್ ಸಡಿಲವಾಗುತ್ತದೆ. ಫ್ರೇಮಿಗೆ ಪುಡಿ ಬಣ್ಣ ಊದಿ 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸುವಾಗ ಆ ಮರೆಯೊಳಗೆ ಪುಡಿ ಹೋದರೆ ಕರಗಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಟ್ಯಾಪ್ (ಮರೆ ಕೊರೆಯುವ ಉಪಕರಣ) ಹಾಕಿ ಬಿಡಿಸಬೇಕು, ಎಡ ಮರೆಯ ಆ ಅಳತೆಯ ಟ್ಯಾಪ್ ಕೇಳಿದರೆ ಹಾರ್ಡ್‌ವೇರ್ ಅಂಗಡಿಯವರು ಮುಖ ನೋಡುತ್ತಾರೆ. ಮಲ್ಲೇಶ್ವರದಿಂದ ಫ್ರೇಮ್‌ಗಳನ್ನು ಆಟೋದಲ್ಲಿ ಕೋಟಿಂಗ್‌ಗೆ ಕಳಿಸುತ್ತಿದ್ದಾಗ ಪೇಪರ್ ಟೇಪ್ ಸುತ್ತಿ ಕಳಿಸುತ್ತಿದ್ದೆವು, ಅಲ್ಲಿ ಕೆಲಸದ ಹುಡುಗ ತೊಳೆಯುವಾಗ ಕಿತ್ತೆಸೆಯುತ್ತಿದ್ದ. ಇಲ್ಲಿ ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ನಾನೇ ಹೋಗಿ ನಿಲ್ಲುತ್ತೇನೆ. ಕೋಟಿಂಗ್‌ನವರು ಒಮ್ಮೆ ನನ್ನ ಗೋಳು ನೋಡಿ, "ಅದಕ್ಕೊಂದು ಬಿರಡೆ ಮಾಡ್ಸೋಣ ಬಿಡಿ ಸರ್" ಅಂದರು. ಪಕ್ಕದ ಲೇತ್‌ನಲ್ಲಿ ಮರೆ ಹಾಕಿದ ಎರಡು ಅಲ್ಯುಮಿನಿಯಂ ಬಿರಡೆ ತಯಾರಾದವು, ಒಂದು ಎಡ, ಒಂದು ಬಲ. ಅಲ್ಲಿಂದೀಚೆಗೆ ನನ್ನ ಟ್ಯಾಪ್ ಡಬ್ಬಿಯಲ್ಲೇ ಇದೆ.

ಹಿಂಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್‌ಗಳನ್ನು ಮೊದಲು ರೆಡಿಮೇಡ್ ತರಿಸುತ್ತಿದ್ದೆ. ಈಗ ಪೆನ್‌ಡ್ರೈವ್‌ನಲ್ಲಿ ಡ್ರಾಯಿಂಗ್ ಕೊಟ್ಟರೆ 6 ಮಿಲಿಮೀಟರ್ ಪ್ಲೇಟಿನಲ್ಲಿ ಲೇಸರ್‌ನವರು ಕತ್ತರಿಸಿಕೊಡುತ್ತಾರೆ. ಅವರ ದೊಡ್ಡ ಆರ್ಡರ್‌ನ ಪ್ಲೇಟಿನ ಮೂಲೆಯಲ್ಲಿ ಮಿಕ್ಕ ಜಾಗವೇ ನನಗೆ ಸಾಕು. ಸಣ್ಣ ಕೆಲಸ ಅಂತ ಯಾರೂ ಮೂಗು ಮುರಿಯಲಿಲ್ಲ.

ಹೊಸ ವ್ಯಾಪಾರ ಬಂದದ್ದೂ ಈ ಓಡಾಟದಿಂದಲೇ. ಹಿಂದಿನ ರಸ್ತೆಯ ಕಾರ್ಖಾನೆಯ ಸ್ಟೋರ್ಸ್ ಮ್ಯಾನೇಜರ್ ಬಂದು, ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಮಾಲು ಸಾಗಿಸಲು ಮೂರು ಚಕ್ರದ ಸೈಕಲ್ ಬೇಕು, ಮಾರುಕಟ್ಟೆಯಲ್ಲಿ ಸಿಗುವುದರ ಚಕ್ರ ಪದೇಪದೇ ಸೊಟ್ಟಗಾಗಿ ಔಟ್ ಆಗುತ್ತದೆ ಅಂದರು. ಔಟ್ ಆಗಲೇಬೇಕು. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ವಾಲುತ್ತದೆ, ಭಾರ ಚಕ್ರದ ಕಡ್ಡಿಗಳ ಮೇಲೆ ನೇರಕ್ಕೆ ಇಳಿಯುತ್ತದೆ. ಮೂರು ಚಕ್ರದ್ದು ವಾಲುವುದಿಲ್ಲ, ತಿರುಗಿದಾಗಲೆಲ್ಲ ಭಾರ ಚಕ್ರವನ್ನು ಅಡ್ಡಕ್ಕೆ ತಳ್ಳುತ್ತದೆ. ಸೈಕಲ್ ಚಕ್ರ ಅದಕ್ಕೆ ಹುಟ್ಟಿದ್ದೇ ಅಲ್ಲ. ನಾವು 20 ಇಂಚಿನ ಸಣ್ಣ ಚಕ್ರ, 12 ಗೇಜ್ ದಪ್ಪ ಕಡ್ಡಿ, ಅಗಲ ಹಬ್ (ಕಡ್ಡಿಗಳು ಸೇರುವ ನಡುಭಾಗ) ಹಾಕಿ ಮಾಡಿಕೊಟ್ಟೆವು. ಹಬ್ ಲೇತ್‌ನವರದ್ದು, ಮಿಕ್ಕ ಬಿಡಿಭಾಗ ಲುಧಿಯಾನದ ಮಾಲು. ಅವರು ನೋಡಿ ಪಕ್ಕದವರಿಗೆ ಹೇಳಿದರು, ಪಕ್ಕದವರು ಮತ್ತೊಬ್ಬರಿಗೆ. ಈಗ ಆರ್ಡರ್ ಪುಸ್ತಕದಲ್ಲಿ ಫ್ರೇಮ್‌ಗಿಂತ ಮುಂದೆ ಇರುವುದು ಈ ಭಾರದ ಸೈಕಲ್‌ಗಳೇ. ಮಲ್ಲೇಶ್ವರದಲ್ಲಿ ಕೂತಿದ್ದರೆ ಆ ಮ್ಯಾನೇಜರ್ ನನ್ನ ಅಂಗಡಿಗೆ ಯಾಕೆ ಬರುತ್ತಿದ್ದರು?

ಅಳತೆಯ ಫ್ರೇಮ್ ಗಿರಾಕಿಗಳು ಮಾತ್ರ ಒಬ್ಬರೂ ತಪ್ಪಲಿಲ್ಲ. 13 ಗಂಟೆ 30 ನಿಮಿಷದೊಳಗೆ 200 ಕಿಲೋಮೀಟರ್ ಮುಗಿಸುವ ಬ್ರೆವೆ (ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಸವಾರರಿಗೆ ಪೀಣ್ಯ ಯಾವ ದೂರ! ಅಳತೆ ಕೊಡಲು ಒಮ್ಮೆ, ಸೈಕಲ್ ಒಯ್ಯಲು ಒಮ್ಮೆ ಬರುತ್ತಾರೆ. ಬಂದವರು ಲೇತ್, ಕೋಟಿಂಗ್ ಎಲ್ಲ ಸುತ್ತು ಹಾಕಿ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಕಾಗದಪತ್ರದ ಕಡೆ ಹೆಚ್ಚು ಹೇಳಲಾರೆ. ಜಿಎಸ್‌ಟಿಯಲ್ಲಿ ಮುಖ್ಯ ವಿಳಾಸ ಬದಲಾದರೆ 15 ದಿನದೊಳಗೆ ಆರ್‌ಇಜಿ-14 ಅರ್ಜಿ ಹಾಕಬೇಕು, ಬಾಡಿಗೆ ಕರಾರು ಕೈಯಲ್ಲಿರಲಿ. ಬೆಸ್ಕಾಂನಲ್ಲಿ ಕೈಗಾರಿಕೆಯ ಎಲ್‌ಟಿ-5 ಸಂಪರ್ಕವೇ ಇದೆಯೇ, ಮಂಜೂರಾದ ಲೋಡ್ ಎಷ್ಟು ಅನ್ನುವುದನ್ನು ಅಡ್ವಾನ್ಸ್ ಕೊಡುವ ಮುಂಚೆ ನೋಡಿ.

ತೆರಿಗೆಯ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಗಿರಾಕಿಗೆ ಸಂತೋಷ. ತಂದು ಮಾರುವವರಿಗೂ ತಲೆನೋವಿಲ್ಲ. ಮಾಡಿ ಮಾರುವ ನನಗೆ ಉಕ್ಕಿನ ಕೊಳವೆ ಶೇ 18, ಪೌಡರ್ ಕೋಟಿಂಗ್ ಬಿಲ್ಲು ಶೇ 18, ಶೆಡ್ ಬಾಡಿಗೆಯ ಮೇಲೂ ಶೇ 18. ಕಟ್ಟುವುದು ಹೆಚ್ಚು, ವಸೂಲಿ ಮಾಡುವುದು ಕಡಿಮೆ, ಮಿಕ್ಕಿದ್ದು ಕ್ರೆಡಿಟ್ ಆಗಿ ಪೋರ್ಟಲ್‌ನಲ್ಲಿ ಗುಡ್ಡೆ ಬೀಳುತ್ತದೆ. ಇಂಥ ತಲೆಕೆಳಗಾದ ದರಕ್ಕೆ ಮರುಪಾವತಿ ಕೇಳಬಹುದು, ಆದರೆ ಸರಕಿನ ಮೇಲೆ ಕಟ್ಟಿದ ತೆರಿಗೆಗೆ ಮಾತ್ರ. ಬಾಡಿಗೆ, ಜಾಬ್‌ವರ್ಕ್‌ನಂಥ (ನಮ್ಮ ಮಾಲಿನ ಮೇಲೆ ಬೇರೆಯವರು ಮಾಡಿಕೊಡುವ ಕೆಲಸ) ಸೇವೆಗಳದ್ದು ಲೆಕ್ಕಕ್ಕೆ ಬರುವುದಿಲ್ಲ, 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಪೀಣ್ಯದಲ್ಲಿ ನನ್ನ ಬಲವೇ ಜಾಬ್‌ವರ್ಕ್, ಹಣ ಸಿಕ್ಕಿಕೊಳ್ಳುವುದೂ ಅಲ್ಲೇ. ಈಗ ಬೆಲೆ ಹಾಕುವಾಗ ಕೋಟಿಂಗ್ ಬಿಲ್ಲಿನ ತೆರಿಗೆಯಲ್ಲಿ ಒಂದು ಪಾಲನ್ನು ಖರ್ಚು ಅಂತಲೇ ಬರೆದುಕೊಳ್ಳುತ್ತೇನೆ.

ಕಾರ್ಖಾನೆ ಗಿರಾಕಿಗಳ ಇನ್ನೊಂದು ಗುಣ ಉದ್ರಿ. ಬೀದಿಯ ಗಿರಾಕಿ ಕೈಗೆ ದುಡ್ಡು ಇಟ್ಟು ಹೋಗುತ್ತಿದ್ದ, ಇವರು ಬಿಲ್ಲು ತೆಗೆದುಕೊಂಡು "ಅಕೌಂಟ್ಸ್‌ನಲ್ಲಿ ಕೇಳಿ" ಅನ್ನುತ್ತಾರೆ. ಸಣ್ಣ ಉದ್ದಿಮೆಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲಿ ಕೈ ಹಿಡಿಯಿತು. ಸಣ್ಣ ಉದ್ದಿಮೆಗೆ ಲಿಖಿತ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಪಾವತಿ ಮಾಡಬೇಕು. 2024ರ ಏಪ್ರಿಲ್‌ನಿಂದ, ಗಡುವು ಮೀರಿದ ಬಾಕಿಯನ್ನು ಕೊಳ್ಳುವವರು ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚು ತೋರಿಸಬಹುದು. ಇದು ತಯಾರಕರಿಗೆ, ಸೇವೆ ಕೊಡುವವರಿಗೆ ಇರುವ ರಕ್ಷಣೆ, ಬರೀ ತಂದು ಮಾರುವವರಿಗಿಲ್ಲ. ನಾನು ಬಿಲ್ಲಿನ ತಲೆಯ ಮೇಲೇ ಉದ್ಯಮ್ ನಂಬರ್ ದಪ್ಪಗೆ ಹಾಕಿಸಿದ್ದೇನೆ. ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್‌ನವರೇ ಫೋನ್ ಮಾಡುತ್ತಾರೆ. ಮಿಕ್ಕ ತಿಂಗಳು ನಾವೇ ಮಾಡಬೇಕು, ಒಂದಿಬ್ಬರು ಆಗಲೂ ಎತ್ತುವುದಿಲ್ಲ.

ಮೋಟಾರ್ ಹಾಕಿ, ಈಗ ಅದೇ ನಡೆಯುವುದು ಅಂತ ಬಹಳ ಜನ ಹೇಳುತ್ತಾರೆ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು 60 ಕೆಜಿ ಮೀರದ ತೂಕ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಅದಕ್ಕೆ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಅನುಮೋದನೆ ಬೇಕು. ಒಂದೊಂದು ಆರ್ಡರ್‌ಗೂ ಒಂದೊಂದು ಅಳತೆ ಮಾಡುವ ನಮ್ಮಂಥವರಿಗೆ ಆ ಖರ್ಚು ಹಂಚಿಹಾಕಲು ಅಷ್ಟು ಸೈಕಲ್‌ಗಳೇ ಇಲ್ಲ. ಸದ್ಯಕ್ಕೆ ಬೇಡ ಅಂತ ತೀರ್ಮಾನಿಸಿದ್ದೇನೆ.

ಈಗ ಬೆಳವಣಿಗೆ ನಿಂತಿರುವುದು ಗಿರಾಕಿಯಿಂದಲ್ಲ, ವೆಲ್ಡರ್ ಸಿಗದೆ. ಪೀಣ್ಯದಲ್ಲಿ ಕಲ್ಲೆಸೆದರೆ ವೆಲ್ಡರ್‌ಗೆ ತಾಗುತ್ತದೆ, ಆದರೆ ಅವರ ಕೈಗೆ ಒಗ್ಗಿರುವುದು ದಪ್ಪ ತಗಡು. ನಮ್ಮ ಕೊಳವೆ ತುದಿಯಲ್ಲಿ 0.9, ನಡುವೆ 0.6 ಮಿಲಿಮೀಟರ್, ಒಂದು ಕ್ಷಣ ಹೆಚ್ಚು ನಿಂತರೆ ತೂತು. ಬಂದವರಿಗೆ ವ್ಯರ್ಥ ಕೊಳವೆಯ ಎರಡು ತುಂಡು ಕೊಟ್ಟು ಸೇರಿಸಲು ಹೇಳುತ್ತೇನೆ, ಆಮೇಲೆ ಅವರೆದುರೇ ಗರಗಸದಲ್ಲಿ ಸೀಳಿ ಒಳಮೈ ತೋರಿಸುತ್ತೇನೆ. ಕಳೆದ ವಾರ ಬಂದ ತುಮಕೂರಿನ ಹುಡುಗನ ಬೆಸುಗೆ ಹೊರಗೆ ಅಂದವಿರಲಿಲ್ಲ, ಒಳಗೆ ಚೊಕ್ಕವಾಗಿತ್ತು. ಸೋಮವಾರದಿಂದ ಬಾ ಅಂದಿದ್ದೇನೆ, ಮೊದಲು ಭಾರದ ಸೈಕಲ್‌ಗಳ ಮೇಲೆ.