ಡಿಸ್ಕಿಗೊಂದು ಕವಚ, ಕವಚಕ್ಕೊಂದು ಪ್ಲೇಯರ್: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನನ್ನದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಹಳೇ ಸಿಡಿ, ಡಿವಿಡಿಯಲ್ಲಿ ಇರೋದನ್ನ ಓದಿಸಿಕೊಡುವ ಕೆಲಸವೂ ಬರುತ್ತದೆ. ಮದುವೆ ವಿಡಿಯೋ, ಯಕ್ಷಗಾನದ ರೆಕಾರ್ಡಿಂಗು, ತೋಟದ ಲೆಕ್ಕಪತ್ರ, ತೀರಿಕೊಂಡವರ ದನಿ, ಎಲ್ಲಾ ಬರುತ್ತವೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ಊರುಗಳಿಂದ ಬರುವ ಡಿಸ್ಕುಗಳನ್ನ ನೋಡಿದ ಕೂಡಲೇ ಗುರುತು ಹಿಡಿಯಬಹುದು. ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡಿರುತ್ತವೆ, ಅಂಚಿನಿಂದ ಒಳಗೆ ಬೂಷ್ಟು ಹಬ್ಬಿರುತ್ತದೆ. ಬೂಷ್ಟು ಡಿಸ್ಕನ್ನೇ ತಿನ್ನುತ್ತದೆ ಅಂದರೆ ಸುಮಾರು ಜನ ನಂಬುವುದಿಲ್ಲ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಡಿಯ ಅಲ್ಯೂಮಿನಿಯಂ ಪದರಕ್ಕೇ ಶಿಲೀಂಧ್ರ ಇಳಿದಿದ್ದು 2001ರಲ್ಲೇ ವರದಿಯಾಗಿದೆ.

ಕೊಪ್ಪದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ತಂದೆಯವರ ತಾಳಮದ್ದಳೆ ಡಿಸ್ಕುಗಳನ್ನ ತಂದಿದ್ದರು. ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟೆ. ಆಮೇಲೆ ಅವರು ಕೇಳಿದರು: "ಕಾಪಿ ಸರಿ ಮಾರಾಯ, ಇದನ್ನ ಏನು ಮಾಡೋದು? ಮೊಮ್ಮಕ್ಕಳು ಕೈ ಹಾಕ್ತಾವೆ, ಮಳೆ ಬಂದ್ರೆ ಬೂಷ್ಟು. ಹಾಗಂತ ಎಸೆಯಕ್ಕಾಗತ್ತಾ?" "ಎಸೀಬೇಡಿ ಮೇಷ್ಟ್ರೇ, ಒಂದು ದಾರಿ ಮಾಡ್ತೀನಿ" ಅಂದೆ. ಡಿಸ್ಕನ್ನ ಕೈಯಲ್ಲಿ ಮುಟ್ಟದೇ ಪ್ಲೇಯರಿಗೆ ಹಾಕುವ ಹಾಗಿರಬೇಕು ಅನ್ನೋ ಯೋಚನೆ ಅಲ್ಲಿಂದ ಗಟ್ಟಿಯಾಯಿತು.

ಇದು ನಾನು ಹೊಸದಾಗಿ ಕಂಡುಹಿಡಿದ ಉಪಾಯ ಅಲ್ಲ. ಫ್ಲಾಪಿಯನ್ನ ನೆನಪಿಸಿಕೊಳ್ಳಿ. ಗಟ್ಟಿ ಪ್ಲಾಸ್ಟಿಕ್ ಕವಚ, ತಗಡಿನ ಶಟರ್, ಒಳಗೆ ಹಾಕಿದಾಗ ಮಾತ್ರ ಶಟರ್ ತೆರೆಯುತ್ತಿತ್ತು. 1992ರಲ್ಲಿ ಸೋನಿಯ ಮಿನಿಡಿಸ್ಕ್ ಬಂತು. 64 ಮಿ.ಮೀ. ಡಿಸ್ಕ್, ಅದಕ್ಕೆ 68 ಗುಣಿಸು 72 ಮಿ.ಮೀ. ಕವಚ. 1998ರಲ್ಲಿ ಬಂದ, ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿ-ರ‍್ಯಾಮ್‌ಗೂ ಕಾರ್ಟ್ರಿಡ್ಜ್, ಅಂದರೆ ಇಂಥದ್ದೇ ಕವಚ, ಇತ್ತು. 2003ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಬ್ಲೂ-ರೇ ರೆಕಾರ್ಡರ್ ಕೂಡ ಕಾರ್ಟ್ರಿಡ್ಜ್ ಡಿಸ್ಕನ್ನೇ ತೆಗೆದುಕೊಳ್ಳುತ್ತಿತ್ತು. ಗಟ್ಟಿ ಲೇಪನ ಬಂದಮೇಲೆ ಬ್ಲೂ-ರೇ ಕವಚ ಬಿಟ್ಟಿತು.

ಹಾಗಾದರೆ ಸಿಡಿ ಮೊದಲಿಂದಲೂ ಬರಿಮೈಯಲ್ಲಿ ಹೇಗೆ ಓಡಾಡಿತು? ಇದನ್ನ ತಿಳಿದುಕೊಂಡರೆ ಯಾವ ಡಿಸ್ಕಿಗೆ ಎಷ್ಟು ರಕ್ಷಣೆ ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ. ಸಿಡಿಯಲ್ಲಿ ಲೇಸರ್ ಕಿರಣ 1.2 ಮಿ.ಮೀ. ಪ್ಲಾಸ್ಟಿಕ್ ದಾಟಿ ಮಾಹಿತಿ ಪದರ ಮುಟ್ಟುತ್ತದೆ. ಮೇಲ್ಮೈಯಲ್ಲಿ ಕಿರಣದ ಅಗಲ ಹೆಚ್ಚುಕಮ್ಮಿ ಮುಕ್ಕಾಲು ಮಿ.ಮೀ. ಇರುತ್ತದೆ. ಅಲ್ಲಿ ಕೂತ ಸಣ್ಣ ಧೂಳು ಕಿರಣದ ಒಂದು ಚೂರನ್ನ ಮಾತ್ರ ತಡೆಯುತ್ತದೆ, ಓದು ನಿಲ್ಲುವುದಿಲ್ಲ. ಡಿವಿಡಿಯಲ್ಲಿ ದಾಟಬೇಕಾದ್ದು 0.6 ಮಿ.ಮೀ., ಮೇಲ್ಮೈಯಲ್ಲಿ ಕಿರಣದ ಅಗಲ ಅರ್ಧ ಮಿ.ಮೀ. ಬ್ಲೂ-ರೇಯಲ್ಲಿ ಬರೀ 0.1 ಮಿ.ಮೀ. ಪದರ, ಅಗಲ 0.13 ಮಿ.ಮೀ. ಆಸುಪಾಸು. ಅಲ್ಲಿ ಒಂದು ಕೂದಲೆಳೆ ಬಿದ್ದರೆ ಅರ್ಧ ಕಿರಣವೇ ಮುಚ್ಚಿಹೋಗುತ್ತದೆ.

ಸಿಡಿಯ ಅಪಾಯ ಇರೋದು ಇನ್ನೊಂದು ಕಡೆ. ಅದರ ಮಾಹಿತಿ ಪದರ ಲೇಬಲ್ ಬದಿಗೇ ಇದೆ, ಮೇಲೆ ತೆಳ್ಳನೆ ಲ್ಯಾಕರ್ ಲೇಪ ಬಿಟ್ಟರೆ ಏನೂ ಇಲ್ಲ. ಹೊಳೆಯುವ ಬದಿಯನ್ನ ಜೋಪಾನ ಮಾಡಿ ಲೇಬಲ್ ಬದಿಯನ್ನ ಮೇಜಿನ ಮೇಲೆ ಎಳೆದಾಡುವವರೇ ಜಾಸ್ತಿ. ಡಿವಿಡಿಯಲ್ಲಿ ಎರಡು ಪದರ ಅಂಟಿಸಿರುವುದರಿಂದ ಮಾಹಿತಿ ನಡುವೆ ಇರುತ್ತದೆ. ಆದರೆ ಆ ಅಂಟಿನ ಅಂಚಿಗೆ ಥಂಡಿ ಕಂಡರಾಗದು.

ಈಗ ವಿನ್ಯಾಸಕ್ಕೆ ಬರೋಣ. ಇಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತು ಒಂದಿದೆ: ಕವಚವನ್ನ ಮೊದಲು ಮಾಡಿ ಆಮೇಲೆ ಪ್ಲೇಯರ್ ಹುಡುಕಬೇಡಿ. ಮೊದಲು ಒಂದು ಡ್ರೈವ್ ಬಿಚ್ಚಿ, ಅದು ಡಿಸ್ಕನ್ನ ಹೇಗೆ ಹಿಡಿಯುತ್ತದೆ ನೋಡಿ. ಎಲ್ಲಾ ಅಳತೆಯೂ ಆ ಹಿಡಿತದಿಂದ ಹುಟ್ಟುತ್ತದೆ.

ಡೆಸ್ಕ್‌ಟಾಪ್ ಡಿವಿಡಿ ಡ್ರೈವ್‌ನಲ್ಲಿ ಟ್ರೇ ಒಳಗೆ ಹೋದಮೇಲೆ ಮೋಟರು ಮತ್ತು ಲೇಸರ್ ಇರುವ ಚೌಕಟ್ಟು ಕೆಳಗಿಂದ ಮೇಲಕ್ಕೆ ಏಳುತ್ತದೆ. ಮೋಟರಿನ ತಲೆ ಡಿಸ್ಕಿನ 15 ಮಿ.ಮೀ. ತೂತಿಗೆ ಕೂತು ಡಿಸ್ಕನ್ನ ಟ್ರೇಯಿಂದ ಸ್ವಲ್ಪ ಎತ್ತುತ್ತದೆ. ಮೇಲಿಂದ ಒಂದು ದುಂಡನೆ ಬಿಲ್ಲೆ ಅಯಸ್ಕಾಂತದ ಬಲದಿಂದ ಒತ್ತಿ ಹಿಡಿಯುತ್ತದೆ. ನಾವು ಅದನ್ನ ಕ್ಲ್ಯಾಂಪರ್ ಅನ್ನುತ್ತೇವೆ. ಕೆಲವು ಡ್ರೈವ್‌ಗಳಲ್ಲಿ ಅಯಸ್ಕಾಂತ ಈ ಬಿಲ್ಲೆಯಲ್ಲಿರುತ್ತದೆ. ಇನ್ನು ಕೆಲವದರಲ್ಲಿ ಮೋಟರಿನ ತಲೆಯಲ್ಲಿರುತ್ತದೆ, ಬಿಲ್ಲೆಯಲ್ಲಿ ಕಬ್ಬಿಣದ ತಗಡು ಮಾತ್ರ. ನನಗೆ ಬೇಕಾಗಿದ್ದು ಈ ಎರಡನೇ ಜಾತಿ. ಯಾಕೆಂದರೆ ಅಯಸ್ಕಾಂತ ಇಲ್ಲದ ಬಿಲ್ಲೆಯನ್ನ ಪ್ರತಿ ಕವಚದ ಒಳಗೇ ಕೂರಿಸಿಬಿಡಬಹುದು. ಆಗ ಕವಚದ ಮೇಲ್ಭಾಗಕ್ಕೆ ತೂತೇ ಬೇಡ. ಕೆಳಗೆ ಒಂದು ಕಂಡಿ ಸಾಕು, ಧೂಳು ನುಗ್ಗುವ ಬಾಗಿಲು ಅರ್ಧಕ್ಕರ್ಧ ಕಡಿಮೆ. ಮಿನಿಡಿಸ್ಕ್ ಮಾಡಿದವರು ಡಿಸ್ಕಿನ ನಡುವೆಯೇ ಕಬ್ಬಿಣದ ಬಿಲ್ಲೆ ಅಂಟಿಸಿ ಇದನ್ನೇ ಸಾಧಿಸಿದ್ದರು. ಸಿಡಿಗೆ ಏನನ್ನೂ ಅಂಟಿಸುವ ಹಾಗಿಲ್ಲ, ಅದಕ್ಕೇ ಬಿಲ್ಲೆಯನ್ನ ಕವಚದಲ್ಲಿ ಇಟ್ಟೆ. ಕೆಟ್ಟ ಡ್ರೈವ್‌ಗಳು ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತವೆ. ಒಂದೊಂದರಿಂದ ಒಂದೊಂದು ಬಿಲ್ಲೆ.

ಬಿಲ್ಲೆಗೆ ಕವಚದ ಮುಚ್ಚಳದ ಒಳಗೆ ಒಂದು ಗೂಡು ಬೇಕು. ಅದರಲ್ಲಿ ಬಿಲ್ಲೆ ಬಿಗಿಯಾಗಿ ಕೂರಬಾರದು. ಸುತ್ತ ಒಂದು ಮಿ.ಮೀ., ಮೇಲೆ ಕೆಳಗೆ ಒಂದು ಮಿ.ಮೀ. ಜಾಗ ಬಿಡಬೇಕು. ಡಿಸ್ಕ್ ತಿರುಗುವಾಗ ಬಿಲ್ಲೆಯೂ ಜೊತೆಗೆ ತಿರುಗುತ್ತದೆ. ಗೂಡಿನ ಗೋಡೆಗೆ ತಾಗಿತೋ, ಗರ್ ಅನ್ನೋ ಸದ್ದು ಶುರು.

ಡಿಸ್ಕನ್ನ ಎಲ್ಲಿ ಮುಟ್ಟಬಹುದು ಅನ್ನೋದು ಮುಂದಿನ ಲೆಕ್ಕ. ಡಿಸ್ಕಿನ ವ್ಯಾಸ 120 ಮಿ.ಮೀ. ಮಾಹಿತಿ ಸಿಡಿಯಲ್ಲಿ 50 ಮಿ.ಮೀ. ವ್ಯಾಸದಿಂದ, ಡಿವಿಡಿಯಲ್ಲಿ 48ರಿಂದ ಶುರುವಾಗಿ 116ರವರೆಗೆ ಹೋಗುತ್ತದೆ. ಅದಕ್ಕೂ ಒಳಗೆ ಡ್ರೈವ್ ಮೊದಲು ಓದುವ ಪಟ್ಟಿ ಇದೆ. ಅಂದರೆ ನಡುವೆ 44ರೊಳಗೆ, ಹೊರಗೆ 118ರಾಚೆ ಮಾತ್ರ ಕವಚ ತಾಗಬಹುದು. ಲೇಸರ್ ಓಡಾಡುವ ಕಂಡಿ ನಡುವಿನ ಜಾಗವನ್ನ ನುಂಗಿಬಿಡುತ್ತದೆ. ಉಳಿಯೋದು ಅಂಚು. ಹಾಗಾಗಿ ಕವಚದ ತಳವನ್ನ ಸಪಾಟಾಗಿ ಮಾಡಲಿಲ್ಲ. ಅಂಚಿನಿಂದ ನಡುವಿಗೆ ಸ್ವಲ್ಪ ಇಳಿಜಾರು ಕೊಟ್ಟೆ, ನಮ್ಮ ಊಟದ ತಟ್ಟೆಯ ಹಾಗೆ. ಡಿಸ್ಕ್ ಅದರ ಮೇಲೆ ಅಂಚಿನ ಗೆರೆಯಲ್ಲಷ್ಟೇ ಕೂರುತ್ತದೆ, ಹೊಟ್ಟೆ ಎಲ್ಲೂ ತಾಗುವುದಿಲ್ಲ. ಕವಚ ಅಲ್ಲಾಡಿದಾಗ ಡಿಸ್ಕ್ ಮೇಲಕ್ಕೆ ಹಾರದಂತೆ ಮುಚ್ಚಳದಲ್ಲಿ ಬಿಲ್ಲೆಯ ಸುತ್ತ 44ರೊಳಗೆ ಒಂದು ಸಣ್ಣ ಬಳೆ ಎಬ್ಬಿಸಿದೆ. ಒಳಗೋಡೆಯ ವ್ಯಾಸ 122.5 ಮಿ.ಮೀ., ಅಂದರೆ ಡಿಸ್ಕಿನ ಸುತ್ತ ಒಂದೂಕಾಲು ಮಿ.ಮೀ. ಬಿಡುವು.

ಡಿಸ್ಕ್ ತಿರುಗಲು ಶುರುವಾದ ಮೇಲೆ ಕವಚ ಅದನ್ನ ಎಲ್ಲೂ ಮುಟ್ಟಬಾರದು. ಅದಕ್ಕೆ ಕವಚ ಯಾವಾಗಲೂ ಒಂದೇ ಜಾಗದಲ್ಲಿ ಬಂದು ಕೂರಬೇಕು. ಇದಕ್ಕೆ ಎರಡು ಗೂಟ, ಎರಡು ತೂತು ಸಾಕು. ಒಂದು ತೂತು ದುಂಡಗೆ, ಇನ್ನೊಂದು ಉದ್ದಕ್ಕೆ. ಎರಡನ್ನೂ ದುಂಡಗೆ ಮಾಡಿದರೆ ಬಿಸಿಲಿಗೆ ಪ್ಲಾಸ್ಟಿಕ್ ಚೂರು ಹಿಗ್ಗಿದರೂ ಕೂರುವುದಿಲ್ಲ. ಒಂದು ಮೂಲೆಯನ್ನ ಕತ್ತರಿಸಿ ಓರೆ ಮಾಡಿದೆ, ತಲೆಕೆಳಗಾಗಿ ಹಾಕಲು ಹೋದರೆ ಒಳಗೆ ಹೋಗುವುದಿಲ್ಲ. ಮೊಮ್ಮಕ್ಕಳಿರುವ ಮನೆಗೆ ಇದು ಬೇಕೇ ಬೇಕು.

ಶಟರ್‌ಗೆ ಹಳೇ ಫ್ಲಾಪಿಯ ಸ್ಪ್ರಿಂಗನ್ನೇ ತೆಗೆದು ಹಾಕಿದೆ. ಅಷ್ಟು ತೆಳ್ಳಗೆ, ಅಷ್ಟು ಮೆತ್ತಗೆ ಎಳೆಯುವ ಸ್ಪ್ರಿಂಗು ಅಂಗಡಿಯಲ್ಲಿ ಕೇಳಿದರೆ ಸಿಗೋಲ್ಲ. ಶಟರ್ ತಗಡನ್ನ ಹಾಸನದ ಒಂದು ವರ್ಕ್‌ಶಾಪ್‌ನಲ್ಲಿ ಲೇಸರ್ ಕಟಿಂಗ್ ಮಾಡಿಸಿದೆ. ಅದರ ಅಂಚುಗಳನ್ನ ಎಣ್ಣೆ ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಬೇಕು. ಚೂಪಾಗಿ ಬಿಟ್ಟರೆ ಪ್ರತಿ ಸಲ ಜಾರುವಾಗಲೂ ಪ್ಲಾಸ್ಟಿಕ್ ಕೆರೆದು ಪುಡಿ ಉದುರುತ್ತದೆ, ಆ ಪುಡಿ ನೇರ ಡಿಸ್ಕಿನ ಮೇಲೆ. ಧೂಳು ತಡೆಯಲು ಮಾಡಿದ ಕವಚವೇ ಧೂಳು ಹುಟ್ಟಿಸಿದರೆ ಏನು ಬಂತು, ಅಲ್ವಾ?

ಕವಚವನ್ನ 3ಡಿ ಪ್ರಿಂಟರ್‌ನಲ್ಲಿ ಪಿಇಟಿಜಿ ಪ್ಲಾಸ್ಟಿಕ್‌ನಿಂದ ತೆಗೆದದ್ದು. ಪಿಎಲ್‌ಎ ಅಗ್ಗ, ಆದರೆ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ಸೊಟ್ಟಗಾಗಿಬಿಡುತ್ತದೆ. ನೈಲಾನ್ ನೀರು ಹೀರುತ್ತದೆ, ಮಲೆನಾಡಿಗೆ ಅದು ಬೇಡವೇ ಬೇಡ. ಒಳಮೈಯನ್ನ ನುಣುಪಾದ ಎಮರಿ ಹಾಳೆಯಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಡಿಸ್ಕ್ ಹಾಕಬೇಕು.

ಪ್ಲೇಯರ್ ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಸಲೀಸಾಯಿತು. ಡ್ರೈವ್‌ನ ಮೇಲಿನ ಮುಚ್ಚಳ, ಅದರಲ್ಲಿದ್ದ ಬಿಲ್ಲೆ ಎರಡನ್ನೂ ತೆಗೆದೆ. ಟ್ರೇಯನ್ನ ತೆಗೆಯಲಿಲ್ಲ. ಅದರ ನಡುವಿನ ತಳವನ್ನ ಕತ್ತರಿಸಿ ಚೌಕಟ್ಟು ಮಾತ್ರ ಉಳಿಸಿದೆ. ಟ್ರೇಯ ಪಕ್ಕದಲ್ಲಿ ಹಲ್ಲಿನ ಪಟ್ಟಿ ಇರುತ್ತದೆ, ಅದು ಹೋದರೆ ಮೋಟರಿಗೆ ಎಳೆಯಲು ಏನೂ ಇರೋಲ್ಲ. ಗೂಟಗಳನ್ನ ಈ ಚೌಕಟ್ಟಿಗೇ ಕೂರಿಸಿದೆ. ಈಗ ಕವಚ ಅದರ ಮೇಲೆ ಕೂರುತ್ತದೆ, ಡ್ರೈವ್ ತನ್ನ ಮೋಟರಿನಿಂದಲೇ ಅದನ್ನ ಒಳಗೆ ಎಳೆದುಕೊಳ್ಳುತ್ತದೆ, ಕೊನೆಯಲ್ಲಿ ಲೇಸರ್ ಚೌಕಟ್ಟು ತಾನಾಗೇ ಮೇಲೇಳುತ್ತದೆ. ಪ್ಲೇಯರ್ ಪೆಟ್ಟಿಗೆಯ ಬದಿಗೆ ಅಲ್ಲಾಡದಂತೆ ಒಂದು ಕಡ್ಡಿ ನಿಲ್ಲಿಸಿದೆ. ಕವಚ ಒಳಗೆ ಬರುವಾಗ ಶಟರ್ ಅದಕ್ಕೆ ಸಿಕ್ಕಿ ಹಿಂದಕ್ಕೆ ಸರಿಯುತ್ತದೆ. ಹೊಸ ಸರ್ಕೀಟು ಇಲ್ಲ, ಹೊಸ ಮೋಟರಿಲ್ಲ.

ತಪ್ಪದೇ ಹಿಡಿಯಬೇಕಾದ ಅಳತೆ ಎತ್ತರ. ಮೊದಲು ಟ್ರೇ ಮೇಲೆ ಡಿಸ್ಕ್ ಯಾವ ಎತ್ತರದಲ್ಲಿ ಮಲಗುತ್ತಿತ್ತೋ ಕವಚದೊಳಗೂ ಅದೇ ಎತ್ತರದಲ್ಲಿ ಮಲಗಬೇಕು. ವರ್ನಿಯರ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಲೆನ್ಸ್ ಡಿಸ್ಕಿಗೆ ತೀರಾ ಹತ್ತಿರ ಓಡಾಡುತ್ತದೆ. ಹಾಗಾಗಿ ಕಂಡಿಯ ಅಗಲವನ್ನ ಲೆನ್ಸ್ ನೋಡಿ ನಿಗದಿ ಮಾಡಬಾರದು, ಲೇಸರ್ ಜೋಡಣೆಯ ಪೂರ್ತಿ ತಲೆ ನೋಡಿ ಮಾಡಬೇಕು. ಅದು ಒಳಗಿನ ತುದಿಯಿಂದ ಹೊರಗಿನ ತುದಿಗೆ ಹೋಗುವಾಗ ಎಲ್ಲೂ ಉಜ್ಜಬಾರದು. ಇನ್ನೊಂದು ವಿಷಯ. ಮೇಲು ಮುಚ್ಚಳ ತೆರೆದಿರುವಾಗ ಡ್ರೈವ್‌ಗೆ ಕರೆಂಟ್ ಕೊಟ್ಟು ಬಗ್ಗಿ ನೋಡಬೇಡಿ. ಅದು ಲೇಸರ್, ಕಣ್ಣಿಗೆ ಅಪಾಯ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಕರೆಂಟ್ ಕಟ್ಟಾಗುವ ಸ್ವಿಚ್ ಹಾಕಿಯೇ ನಾನು ಪ್ಲೇಯರ್ ಕೊಡುವುದು.

ಸ್ಪೀಡ್ ಕಡಿಮೆ ಇಡಬೇಕು. ಹಾಡಿನ ಸಿಡಿಯ ಮಾಮೂಲಿ ವೇಗದ 52 ಪಟ್ಟು, ಅಂದರೆ 52 ಎಕ್ಸ್‌ನಲ್ಲಿ ಸಿಡಿ ನಿಮಿಷಕ್ಕೆ ಹತ್ತಿರ ಹತ್ತಿರ 10,000 ಸುತ್ತು ಹೊಡೆಯುತ್ತದೆ. ಇಕ್ಕಟ್ಟಾದ ಕವಚದೊಳಗೆ ಅಷ್ಟು ಜೋರಾಗಿ ತಿರುಗಿದರೆ ಗಾಳಿಯೇ ಡಿಸ್ಕನ್ನ ನಡುಗಿಸುತ್ತದೆ. ಹಾಡು ಕೇಳಲು ಬೇಕಾಗಿರೋದು 200ರಿಂದ 500 ಸುತ್ತು ಅಷ್ಟೇ. ಲಿನಕ್ಸ್ ಕಂಪ್ಯೂಟರ್‌ನಲ್ಲಿ ಎಚ್‌ಡಿಪಾರ್ಮ್ ಅನ್ನೋ ಕಮಾಂಡ್‌ನಿಂದ ಸ್ಪೀಡಿಗೆ ಕಡಿವಾಣ ಹಾಕಬಹುದು.

ಕವಚ ಚೆನ್ನಾಗಿದೆಯೋ ಇಲ್ಲವೋ ಅಂತ ಕಿವಿಯಿಂದ ಹೇಳಕ್ಕಾಗಲ್ಲ, ಎರರ್ ಅಳೆಯಬೇಕು. ಡಿವಿಡಿಯಲ್ಲಿ ಸತತ 8 ಇಸಿಸಿ (ತಪ್ಪು ತಿದ್ದುವ ಕೋಡ್ ಇರುವ) ಬ್ಲಾಕ್‌ಗಳಿಗೆ ಪಿಐ ಎರರ್ (ಡ್ರೈವ್ ಮೊದಲ ಸುತ್ತಿನ ತಪಾಸಣೆಯಲ್ಲಿ ಹಿಡಿಯುವ ತಪ್ಪು) 280 ದಾಟಬಾರದು, ಸಿಡಿಯಲ್ಲಿ ಸೆಕೆಂಡಿಗೆ 220 ಬ್ಲಾಕ್ ಎರರ್ (ತಪ್ಪಿರುವ ಮಾಹಿತಿ ತುಂಡು) ದಾಟಬಾರದು. ಇವು ಮಾನದಂಡದಲ್ಲೇ ಇರುವ ಮಿತಿಗಳು. ಎಲ್ಲಾ ಡ್ರೈವ್‌ಗಳೂ ಈ ಲೆಕ್ಕ ಕೊಡುವುದಿಲ್ಲ, ಕೊಡುವ ಮಾದರಿಯನ್ನೇ ಆರಿಸಿಕೊಳ್ಳಿ. ಒಂದೇ ಡಿಸ್ಕನ್ನ ಕೈ ಹಾಕದ ಡ್ರೈವ್‌ನಲ್ಲಿ ಒಮ್ಮೆ, ಕವಚದ ಸಮೇತ ನಮ್ಮ ಪ್ಲೇಯರ್‌ನಲ್ಲಿ ಒಮ್ಮೆ ಓದಿಸಿ ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಕವಚ ಎಲ್ಲಾದರೂ ತಾಗುತ್ತಿದ್ದರೆ ಹೊರ ಅಂಚಿನ ಕಡೆ ಗೆರೆ ಮೇಲೇಳುತ್ತದೆ.

ಕವಚದಿಂದ ಏನಾಗುವುದಿಲ್ಲ ಅನ್ನೋದನ್ನೂ ಗಿರಾಕಿಗಳಿಗೆ ಬಿಡಿಸಿ ಹೇಳುತ್ತೇನೆ. ಬೆರಳು, ಧೂಳು, ಗೀರು, ಬೆಳಕು ಇಷ್ಟನ್ನ ತಡೆಯುತ್ತದೆ. ಗಾಳಿಯ ತೇವವನ್ನ ತಡೆಯೋಲ್ಲ. ಅಮೆರಿಕದ ನಿಸ್ಟ್ ಅನ್ನೋ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆಯ 2003ರ ಮಾರ್ಗದರ್ಶಿ ಡಿಸ್ಕುಗಳನ್ನ 4ರಿಂದ 20 ಡಿಗ್ರಿ ತಾಪದಲ್ಲಿ, ಶೇ 20ರಿಂದ 50ರ ತೇವಾಂಶದಲ್ಲಿ ಇಡಿ ಅನ್ನುತ್ತದೆ. ಜುಲೈ ತಿಂಗಳಲ್ಲಿ ಕೊಪ್ಪ, ಕಳಸದ ಕಡೆ ಶೇ 50 ಎಲ್ಲಿ ಸಿಗಬೇಕು? ಅದಕ್ಕೆ ಕವಚಗಳನ್ನ ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಸಮೇತ ಇಡಬೇಕು. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಪುಟ್ಟ ತೇವಾಂಶ ಮೀಟರ್ ಒಂದನ್ನ ಡಬ್ಬಿಯೊಳಗೇ ಇಟ್ಟರೆ ಇನ್ನೂ ಒಳ್ಳೇದು.

ಕವಚವನ್ನ ನಾನು ಎಂದೂ ಅಂಟಿಸಿ ಮುಚ್ಚುವುದಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಹೊರಗೆ ಬರಬೇಕು. ಡಿವಿಡಿ-ರ‍್ಯಾಮ್‌ನಲ್ಲಿ ತೆಗೆಯಲಾಗದ ಕಾರ್ಟ್ರಿಡ್ಜೂ ಇತ್ತು, ತೆಗೆಯಬಹುದಾದದ್ದೂ ಇತ್ತು. ಇವತ್ತು ಆ ಮೊದಲನೇ ಜಾತಿಯ ಡಿಸ್ಕ್ ಕೈಗೆ ಬಂದರೆ ಅದನ್ನ ನುಂಗುವ ಡ್ರೈವ್ ಹುಡುಕಿಕೊಂಡು ಅಲೆಯಬೇಕು. ಎರಡನೇದಾದರೆ ಡಿಸ್ಕ್ ತೆಗೆದು ಡಿವಿಡಿ-ರ‍್ಯಾಮ್ ಓದುವ ಮಾಮೂಲಿ ಡ್ರೈವ್‌ಗೆ ಹಾಕಿದರೆ ಆಯಿತು. ನನ್ನ ಪ್ಲೇಯರ್ ಒಂದು ದಿನ ಕೆಡುತ್ತದೆ, ನಾನೂ ಇರುವುದಿಲ್ಲ. ಆಗ ಆ ತಾಳಮದ್ದಳೆ ಕೇಳಬೇಕು ಅನ್ನಿಸಿದವರಿಗೆ ಒಂದು ಸ್ಕ್ರೂ ಡ್ರೈವರ್ ಬಿಟ್ಟು ಬೇರೇನೂ ಬೇಕಾಗಬಾರದು. ಬಿಚ್ಚುವುದು ಹೇಗೆ ಅನ್ನೋದನ್ನ ಪ್ರತಿ ಕವಚದ ಬೆನ್ನಿಗೆ ಕನ್ನಡದಲ್ಲಿ ಅಚ್ಚೊತ್ತಿ ಕೊಡುತ್ತೇನೆ.

ಈಗ ಬ್ಲೂ-ರೇಗೆ ಒಂದು ಮಾಡುತ್ತಿದ್ದೇನೆ. ಅಲ್ಲಿ ಧೂಳಿನ ಲೆಕ್ಕ ಬಹಳ ಬಿಗಿ. ಅದಕ್ಕೇ ಶಟರ್ ಒಂದೇ ತಗಡಿನ ಬದಲು ಎರಡು ಕಡೆಗೂ ಸರಿಯುವ ಹಾಗೆ, ಮುಚ್ಚಿದಾಗ ಒಂದರ ಮೇಲೊಂದು ಅಂಚು ಕೂರುವ ಹಾಗೆ ಬರೆದಿದ್ದೇನೆ. ತಗಡು ಕಟಿಂಗಿಗೆ ಹಾಸನಕ್ಕೆ ಹೋಗಿದೆ.